ಸುಮ್ಮನೆ ಕೂತವಳ ಮಿಷನ್ನು

ಬನ್ನೂರು ಎಂದಾಕ್ಷಣ ಹೊರಗಿನವರು ಕೇಳುವುದು ಕುರಿಯ ವಿಚಾರ. ಗಿಡ್ಡ ಕಾಲಿನ, ಮೈತುಂಬಿದ ನಮ್ಮೂರ ಕುರಿಗೆ ಅಷ್ಟು ಹೆಸರಿದೆ. ಕೊಳ್ಳಲು ಬಂದವರು ಚೌಕಾಸಿ ಮಾಡುತ್ತಾರೆ, ಜಗಳವನ್ನೂ ಆಡುತ್ತಾರೆ. ಆದರೆ "ಹೇಗೂ ಹುಲ್ಲು ತಿಂದು ಬೆಳೆದದ್ದು ತಾನೇ, ಸುಮ್ಮನೆ ಕೊಡಿ" ಎಂದವರನ್ನು ನಾನು ಕಾಣೆ. ನನ್ನ ದಿಂಬಿನ ಕವರಿಗೆ ಮಾತ್ರ ಕುರಿಗಿರುವ ಮರ್ಯಾದೆಯೂ ಇಲ್ಲ.

ಹೋದ ವರ್ಷ ನಮ್ಮ ಬೀದಿಯವರೊಬ್ಬರು, ದೂರದ ನಂಟರೂ ಹೌದು, ಮಗಳ ಮದುವೆಗೆ ಮುಂಚೆ ಬಿಳಿ ಬಟ್ಟೆ ಹಿಡಿದು ಬಂದರು. "ಅಕ್ಕ, ನಿಮ್ಮತ್ರ ಹೇಗೂ ಮಿಷನ್ ಇದೆ. ಮಧ್ಯಾಹ್ನ ಸುಮ್ನೆ ಕೂತಿರ್ತೀರ. ಎರಡು ದಿಂಬಿನ ಕವರಿಗೆ ನವಿಲು ಹಾಕ್ಕೊಡಿ. ಮಿಷನ್ ತಾನೇ ಮಾಡೋದು!" ಎಂದರು.

ಮಿಷನ್ ತಾನೇ ಮಾಡುವುದೇ? ಹೇಳುತ್ತೇನೆ, ಕೇಳಿ.

ಮೊದಲು ನವಿಲನ್ನು ಟ್ರೇಸಿಂಗ್ ಕಾಗದದ ಮೇಲೆ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಬೇಕು. ಸೀಮೆಎಣ್ಣೆಯಲ್ಲಿ ಕಲಸಿದ ನೀಲಿಯನ್ನು ಅದರ ಮೇಲೆ ತೀಡಿ ಬಟ್ಟೆಗೆ ಇಳಿಸಬೇಕು. ಆಮೇಲೆ ಮಿಷನ್ನಿನ ಪಾದ ಬಿಚ್ಚಬೇಕು; ಬಟ್ಟೆಯನ್ನು ಮುಂದಕ್ಕೆ ತಳ್ಳುವ ಹಲ್ಲನ್ನು ತಗಡಿನಿಂದ ಮುಚ್ಚಬೇಕು. ಅಂದರೆ ಮಿಷನ್ ತಾನಾಗಿ ಮಾಡುತ್ತಿದ್ದ ಕೆಲಸವನ್ನೇ ಮೊದಲು ನಿಲ್ಲಿಸಿದ ಹಾಗಾಯಿತು. ಇನ್ನು ಬಟ್ಟೆಯನ್ನು ಆಡಿಸುವುದು ನನ್ನ ಎರಡು ಕೈ. ರಿಂಗಿಗೆ ಬಟ್ಟೆಯನ್ನು ತಮಟೆಯಂತೆ ಬಿಗಿಯಾಗಿ ಹಾಕದಿದ್ದರೆ ನವಿಲಿನ ಸುತ್ತ ಸುಕ್ಕು ಬೀಳುತ್ತದೆ. ಮೇಲಿನ ದಾರ ಬಿಗಿಯಾದರೆ ಬಾಬಿನ್ ದಾರ ಮೇಲೆ ಇಣುಕುತ್ತದೆ. ಪಾದವಿಲ್ಲದಿದ್ದರೂ ಅದರ ಹಿಡಿಯನ್ನು ಇಳಿಸಲು ಮರೆತಿರೋ, ಬಟ್ಟೆಯಡಿ ದಾರ ಹಕ್ಕಿಗೂಡಾಗುತ್ತದೆ. ಕಣ್ಣು ಚೂರು ಅತ್ತಿತ್ತ ಹೋದರೆ ಸೂಜಿ ಬೆರಳಿಗೇ ಇಳಿಯುತ್ತದೆ. ಹಾಗೆ ಇಳಿದ ಗುರುತು ನನ್ನ ಎಡಗೈಯಲ್ಲಿದೆ. ಎರಡು ನವಿಲಿಗೆ ಹಿಡಿದದ್ದು ನಾಲ್ಕು ಮಧ್ಯಾಹ್ನ, ಒಟ್ಟು 11 ಗಂಟೆ. ಸುಮ್ಮನೆ ಕೂತವಳ 11 ಗಂಟೆ!

ಕವರು ಕೊಡುವಾಗ ಲೆಕ್ಕ ಹೇಳಿದೆ. ದಾರಕ್ಕೆ 90 ರೂಪಾಯಿ, ಗಂಟೆಗೆ 50ರಂತೆ ಕೂಲಿ 550, ಒಟ್ಟು 640. ಆಕೆಯ ಮುಖ ಇಳಿದುಹೋಯಿತು. "ಅಂಗಡೀಲಿ ಮುನ್ನೂರಕ್ಕೆ ಜೊತೆ ಸಿಗುತ್ತಲ್ಲಕ್ಕಾ, ನೀವು ನಮ್ಮೋರಾಗಿ..." ಎಂದರು. ದುಡ್ಡು ಕೊಟ್ಟರು, ಮದುವೆಗೂ ಕರೆದರು. ಆದರೆ ಮಾತು ಬಿಟ್ಟರು.

ತಪ್ಪು ನನ್ನದೂ ಇದೆ. ಬೆಲೆಯನ್ನು ಸೂಜಿಗೆ ದಾರ ಪೋಣಿಸುವ ಮುಂಚೆಯೇ ಹೇಳಬೇಕಿತ್ತು. ಸಂಕೋಚದಿಂದ ಹೇಳಲಿಲ್ಲ. ಆ ಸಂಕೋಚವೇ ನಮ್ಮ ದೊಡ್ಡ ಶತ್ರು.

ಅಂಗಡಿಯ ಕವರು ಅಗ್ಗವಿರಬಹುದು. ಕಾರ್ಖಾನೆಯಲ್ಲಿ ಕಂಪ್ಯೂಟರು ಹತ್ತಾರು ಸೂಜಿಗಳನ್ನು ಒಟ್ಟಿಗೆ ಓಡಿಸಿ ಒಂದೇ ಹೂವನ್ನು ನೂರು ಸಲ ತೆಗೆಯುತ್ತದೆ. ಅದು ಸಾಕೆನ್ನುವವರು ಅದನ್ನೇ ಕೊಳ್ಳಲಿ, ನನಗೆ ಬೇಸರವಿಲ್ಲ. ಆದರೆ ತಮ್ಮ ಹಾಸಿಗೆಯ ಬಣ್ಣಕ್ಕೆ ಹೊಂದುವ, ತಾವು ಹೇಳಿದ ನವಿಲೇ ಬೇಕು. ಬೆಲೆ ಮಾತ್ರ ಕಾರ್ಖಾನೆಯದಿರಬೇಕು ಎಂದರೆ ಅದು ಯಾವ ನ್ಯಾಯ?

ಇನ್ನು ಕೆಲವರಿದ್ದಾರೆ. "ಕೈಯಲ್ಲಿ ಹಾಕಿದ್ದೇ ಕಸೂತಿ, ಇದೆಲ್ಲ ಬರೀ ಮಿಷನ್" ಎಂದು ಮೂಗು ಮುರಿಯುತ್ತಾರೆ. ಧಾರವಾಡದ ಕಡೆಯ ಕಸೂತಿಗೆ ನಾನು ಕೈಮುಗಿಯುತ್ತೇನೆ. ಎಳೆ ಎಣಿಸಿ, ಗಂಟು ಹಾಕದೆ, ಗವಂತಿ, ಮುರ್ಗಿ, ನೇಗಿ, ಮೆಂತೆ ಎಂದು ತುಂಬುವ ಆ ಕೆಲಸ ನನ್ನ ಮಿಷನ್ನಿಗೆ ಬಾರದು. ಮಿಷನ್ ಕೆಲಸವನ್ನು ಕೈಕಸೂತಿ ಎಂದು ಮಾರುವುದು ಮೋಸವೇ ಸರಿ. ಹಾಗೆಂದು ಮಿಷನ್ ಕೆಲಸ ಕೆಲಸವೇ ಅಲ್ಲವೇ? ಯಂತ್ರಗಳನ್ನು ಅಷ್ಟು ಟೀಕಿಸಿದ ಗಾಂಧೀಜಿ ಕೂಡ 1924ರಲ್ಲಿ ಹೊಲಿಗೆ ಮಿಷನ್ನಿಗೆ ವಿನಾಯಿತಿ ಕೊಟ್ಟರು. ಹೆಂಡತಿ ಹೊಲಿದು ಹೊಲಿದು ಬಳಲುವುದನ್ನು ನೋಡಲಾರದೆ ಸಿಂಗರ್ ಅದನ್ನು ಮಾಡಿದನೆಂದು ಅವರು ನಂಬಿದ್ದರು. 1851ರಲ್ಲಿ ಪೇಟೆಂಟ್ ಪಡೆದ ಆ ಮಹಾಶಯನಿಗೆ ಒಂದಲ್ಲ, ಹಲವು ಸಂಸಾರಗಳಿದ್ದವು ಎನ್ನುವುದು ಬೇರೆ ಮಾತು! ಆದರೂ ಹೊಲಿಯುವವಳ ಬಳಲಿಕೆ ಗಾಂಧೀಜಿಯ ಕಣ್ಣಿಗೆ ಬಿತ್ತಲ್ಲ, ನಮ್ಮ ಬೀದಿಯವರ ಕಣ್ಣಿಗೇಕೆ ಬೀಳದು?

"ನಮ್ಮೋರಿಗೆ ಪ್ರೀತಿಯಿಂದ ಮಾಡಿದ್ದಕ್ಕೆ ಬೆಲೆ ಕಟ್ಟುವುದೇ?" ಎಂದು ನೀವು ಕೇಳಬಹುದು. ಪ್ರೀತಿಯಿಂದ ಕೊಡುವುದು ನನ್ನ ಇಷ್ಟ. ತಂಗಿಯ ಮಗುವಿಗೆ ಹಾಕಿದ ಕುಲಾವಿಗೆ ನಾನು ಲೆಕ್ಕ ಬರೆಯಲಿಲ್ಲ. ಆದರೆ ಕೇಳಿ ಮಾಡಿಸಿಕೊಂಡದ್ದು ಪ್ರೀತಿಯಲ್ಲ, ಬಿಟ್ಟಿ. ತಮಾಷೆ ನೋಡಿ, ನನ್ನ ಹತ್ತಿರ 50 ರೂಪಾಯಿಗೆ ಕೊಸರಾಡುವ ನಾವೇ ಮೈಸೂರಿಗೆ ಹೋಗಿ ಕುಪ್ಪಸದ ಆರಿ ಕೆಲಸಕ್ಕೆ ಸಾವಿರಗಟ್ಟಲೆ ಎಣಿಸಿ ಬರುತ್ತೇವೆ. ಬೋರ್ಡು ಹಾಕಿದವನದು ಕೆಲಸ, ಮನೆಯಲ್ಲಿ ಕೂತವಳದು ಹವ್ಯಾಸ!

ನಮಗೆ ಹತ್ತಿರದಲ್ಲೇ ಸೋಮನಾಥಪುರವಿದೆ. 13ನೇ ಶತಮಾನದ ಆ ಕೇಶವ ದೇವಾಲಯ 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿಯ ವಿಗ್ರಹಗಳ ಕೆಳಗೆ ಶಿಲ್ಪಿ ಮಲ್ಲಿತಮ್ಮ ತನ್ನ ಹೆಸರು ಕೊರೆದಿದ್ದಾನೆ. ದೇವರ ಕೆಲಸ, ಭಕ್ತಿಯ ಕೆಲಸ. ಆದರೂ ಇದು ನನ್ನದು ಎಂದು ಹೇಳಲು ಆತ ನಾಚಲಿಲ್ಲ. ಅದೇ 2023ರಲ್ಲಿ ಕೇಂದ್ರ ಸರಕಾರ ಶುರುಮಾಡಿದ ವಿಶ್ವಕರ್ಮ ಯೋಜನೆಯ 18 ಕಸುಬುಗಳ ಪಟ್ಟಿಯಲ್ಲಿ ಶಿಲ್ಪಿಯೂ ಇದ್ದಾನೆ, ದರ್ಜಿಯೂ ಇದ್ದಾನೆ. ಸರಕಾರವೇ ಹೊಲಿಗೆಯನ್ನು ಶಿಲ್ಪದ ಪಕ್ಕ ಕೂರಿಸಿರುವಾಗ, ನಾವು ಮಾತ್ರ ಅದನ್ನು ಮಧ್ಯಾಹ್ನದ ತೂಕಡಿಕೆಯ ಪಕ್ಕ ಕೂರಿಸಿದ್ದೇವೆ.

ಈಗ ನಾನು ಎರಡು ನಿಯಮ ಮಾಡಿಕೊಂಡಿದ್ದೇನೆ. ಬಟ್ಟೆ ಮುಟ್ಟುವ ಮುಂಚೆ ಬೆಲೆ ಹೇಳುತ್ತೇನೆ. ಮುಗಿದ ಮೇಲೆ ಕವರಿನ ಒಳಮೂಲೆಯಲ್ಲಿ ನನ್ನ ಹೆಸರಿನ ಮೊದಲಕ್ಷರ ಹೊಲಿಯುತ್ತೇನೆ. ಗಿರಾಕಿಗಳು ಕಡಿಮೆಯಾಗಿದ್ದಾರೆ, ಸುಳ್ಳು ಹೇಳುವುದಿಲ್ಲ. ಉಳಿದವರು ಮಾತ್ರ, "ಈ ವಾರ ನಿಮಗೆ ಪುರುಸೊತ್ತಿದೆಯೇ?" ಎಂದು ಕೇಳಿಕೊಂಡೇ ಬರುತ್ತಾರೆ.

ನಿಮ್ಮ ಮನೆಯಲ್ಲೂ ಕಿಟಕಿಯ ಪಕ್ಕ ಒಂದು ಮಿಷನ್ ಇದ್ದೀತು. ಮುಂದಿನ ಸಲ ಯಾರಾದರೂ "ಸುಮ್ನೆ ಹಾಕ್ಕೊಡಿ" ಎಂದರೆ, ಕಾಫಿ ಕೊಡಿ, ಕೂರಿಸಿ ಮಾತಾಡಿಸಿ, ಬೆಲೆಯನ್ನೂ ಹೇಳಿ. ಅದಕ್ಕಿಂತ ಮುಖ್ಯವಾಗಿ, ಇನ್ನೊಬ್ಬಳ ಮನೆಗೆ ಬಟ್ಟೆ ಹಿಡಿದು ಹೋಗುವಾಗ ಪರ್ಸನ್ನು ಮರೆಯಬೇಡಿ.