ವೀಲುನಾಮೆಯನ್ನು ಮಕ್ಕಳ ಮುಂದೆಯೇ ಓದಿಬಿಡಿ

ಪುತ್ತೂರು, ಸುಳ್ಯ, ಕಡಬದ ಕಡೆ ಯಜಮಾನ ತೀರಿಕೊಂಡ ಮನೆಯಲ್ಲಿ ಉತ್ತರಕ್ರಿಯೆ ಮುಗಿದು ಪೌತಿ ಖಾತೆಯ ಮಾತು ಎದ್ದಾಗ ಒಬ್ಬ ಮಗ ವೀಲುನಾಮೆಯೊಂದನ್ನು ಹೊರತೆಗೆಯುವುದುಂಟು. ಉಳಿದವರು ಅದನ್ನು ಕಾಣುವುದು ಅದೇ ಮೊದಲು. ತೋಟ, ಮನೆ, ಕೆರೆ ಎಲ್ಲದಕ್ಕೂ ಸರ್ವೆ ನಂಬರು ಸಹಿತ ವಿವರವಿರುತ್ತದೆ. ಹೆಣ್ಣುಮಕ್ಕಳ ಬಗ್ಗೆ ಮಾತ್ರ ಎರಡೇ ಸಾಲು: ಮದುವೆಯ ಕಾಲಕ್ಕೆ ಕೊಡತಕ್ಕದ್ದನ್ನು ಕೊಟ್ಟಾಗಿದೆ, ಇನ್ನು ಯಾವ ಹಕ್ಕೂ ಇಲ್ಲ. ಅಲ್ಲಿಂದ ತಕರಾರು ಅರ್ಜಿ, ಆಮೇಲೆ ಸಿವಿಲ್ ದಾವೆ, ಅದರ ಮೇಲೆ ಅಪೀಲು. ಕಡಿಮೆ ಪಾಲು ಸಿಕ್ಕಿತೆಂಬ ನೋವಿಗಿಂತ, ತನಗೆ ತಿಳಿಯದಂತೆ ಮಾಡಿದರು ಎಂಬ ನೋವೇ ಜನರನ್ನು ಕೋರ್ಟಿನ ಮೆಟ್ಟಿಲು ಹತ್ತಿಸುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ವೀಲು ಬರೆಯುವುದು ಸುಲಭ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಕಲಮಿನಂತೆ ಬರೆದವರ ಸಹಿ ಅಥವಾ ಗುರುತು, ಇಬ್ಬರು ಸಾಕ್ಷಿಗಳ ಸಹಿ ಇದ್ದರೆ ಸಾಕು. ಛಾಪಾ ಕಾಗದ ಬೇಡ, ನೋಂದಣಿಯೂ ಕಡ್ಡಾಯವಿಲ್ಲ. ಕಷ್ಟ ಬರುವುದು ರುಜುವಾತಿನಲ್ಲಿ. ಬರೆದವರು ಇಲ್ಲ, ಸಾಕ್ಷಿಗಳಿಗೆ ವಯಸ್ಸಾಗಿದೆ. ನಮ್ಮ ಮೈಸೂರಿನಿಂದಲೇ ಸುಪ್ರೀಂ ಕೋರ್ಟಿಗೆ ಹೋದ ವೆಂಕಟಾಚಲ ಅಯ್ಯಂಗಾರ್ ಪ್ರಕರಣದಲ್ಲಿ 1958ರಲ್ಲಿ ಬಂದ ತೀರ್ಪು ಇಂದಿಗೂ ಈ ವಿಷಯದಲ್ಲಿ ದಾರಿದೀಪ. ವೀಲಿನಿಂದ ಲಾಭ ಪಡೆಯುವವನೇ ಅದನ್ನು ಬರೆಸುವುದರಲ್ಲಿ ಮುಂದೆ ನಿಂತಿದ್ದರೆ, ಆ ಸಂಶಯವನ್ನು ಕಳೆಯುವ ಹೊಣೆ ಅವನ ಮೇಲೆಯೇ ಬೀಳುತ್ತದೆ ಎಂದಿತು ಆ ತೀರ್ಪು. ಹುಷಾರಿಲ್ಲದ ತಂದೆಯನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗಿ, ಬರಹಗಾರರಿಗೆ ದುಡ್ಡು ಕೊಟ್ಟು, ಸಾಕ್ಷಿಗಳನ್ನೂ ತಾನೇ ಕರೆತರುವ ಮಗ ತನ್ನ ವೀಲನ್ನು ತಾನೇ ಕೆಡಿಸುತ್ತಿರುತ್ತಾನೆ. ರಿಜಿಸ್ಟರ್ ಆಗಿದೆಯಲ್ಲ ಎಂಬ ಧೈರ್ಯವೂ ಸಾಲದು. ನೋಂದಣಿಯಾದ ಮಾತ್ರಕ್ಕೆ ಸಂಶಯ ಅಳಿಯದು ಎಂದು ರಾಣಿ ಪೂರ್ಣಿಮಾ ದೇವಿ ಪ್ರಕರಣದಲ್ಲಿ ಅದೇ ಕೋರ್ಟು ಹೇಳಿದೆ.

ನಮ್ಮ ಊರಿನ ಜಾಗಗಳ ಚರಿತ್ರೆ ಇದನ್ನು ಇನ್ನಷ್ಟು ಜಟಿಲಗೊಳಿಸಿದೆ. 1974ರ ಭೂಸುಧಾರಣೆಯಲ್ಲಿ ಗೇಣಿದಾರರಿಗೆ ಬಂದ ಡಿಕ್ಲರೇಷನ್ ಜಾಗವನ್ನೇ ನೋಡಿ. ದುಡಿದದ್ದು ಇಡೀ ಕುಟುಂಬ, ಅರ್ಜಿ ಹಾಕಿದ್ದು ಹಿರಿಯ ಮಗ, ಪಹಣಿಯಲ್ಲಿ ಬಂದದ್ದು ಅವನೊಬ್ಬನ ಹೆಸರು. ಗೇಣಿ ಕುಟುಂಬದ್ದೆಂದು ರುಜುವಾತಾದರೆ ಅವನು ವೀಲು ಬರೆಯಬಹುದಾದದ್ದು ತನ್ನ ಪಾಲಿಗೆ ಮಾತ್ರ. ಕುಮ್ಕಿಯದ್ದು ಬೇರೆ ಕತೆ. ವರ್ಗ ಜಾಗದ (ಪಟ್ಟಾ ಜಮೀನಿನ) ಅಂಚಿನಿಂದ 100 ಗಜದೊಳಗಿನ ಆ ಸರ್ಕಾರಿ ಭೂಮಿಯಲ್ಲಿ ವರ್ಗದಾರನಿಗಿರುವುದು ಸೊಪ್ಪು ಸೌದೆಯ ಸವಲತ್ತು. ಅಲ್ಲಿ ರಬ್ಬರ್ ಬೆಳೆದು ನಿಂತಿದ್ದರೂ ಅದನ್ನು ಸ್ವಂತ ಆಸ್ತಿಯೆಂದು ವೀಲಿನಲ್ಲಿ ಬರೆಯಲಾಗದು. ಅಳಿಯಸಂತಾನ ಕಟ್ಟಿನ ಮನೆಗಳಲ್ಲಿ ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುತ್ತಿತ್ತು. ಕುಟುಂಬದ ಆಸ್ತಿಯಲ್ಲಿನ ತನ್ನ ಪಾಲಿಗೆ ವೀಲು ಬರೆಯಲು ಸದಸ್ಯನಿಗೆ ಸ್ಪಷ್ಟ ಅಧಿಕಾರ ಕೊಟ್ಟದ್ದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 30ನೇ ಕಲಮು. ತಲೆತಲಾಂತರದಿಂದ ಹೆಣ್ಣಿನ ಸಂತಾನವೇ ವಾರಸುದಾರಿಕೆ ನಡೆಸಿದ ನೆಲದಲ್ಲಿ ಇಂದು ಹೆಣ್ಣುಮಕ್ಕಳ ಹಕ್ಕನ್ನು ಎರಡು ಸಾಲಿನಲ್ಲಿ ಮುಗಿಸುವುದು ನನಗೆ ತೀರಾ ಅನ್ಯಾಯವಾಗಿ ಕಾಣುತ್ತದೆ.

ಅದಕ್ಕೇ ವೀಲನ್ನು ಬದುಕಿರುವಾಗಲೇ ಮಕ್ಕಳ ಮುಂದೆ ಓದಿ ಹೇಳಿ ಎನ್ನುತ್ತೇನೆ. ಮೊದಲೇ ಹೇಳಿಬಿಟ್ಟರೆ ಮಕ್ಕಳು ತಮ್ಮನ್ನು ನೋಡಿಕೊಳ್ಳುವುದಿಲ್ಲ ಎಂಬ ಭಯ ಹಿರಿಯರಿಗಿದೆ. ಅದು ಸುಳ್ಳು ಭಯವೇನೂ ಆಗಿರದು. ಆದರೆ ವೀಲನ್ನು ಬದುಕಿರುವಷ್ಟು ಕಾಲ ಯಾವಾಗ ಬೇಕಾದರೂ ರದ್ದು ಮಾಡಬಹುದು, ತಿದ್ದಬಹುದು. ಓದಿ ಹೇಳಿದ್ದರಿಂದ ಆ ಅಧಿಕಾರ ಹೋಗುವುದಿಲ್ಲ. ಜೀವಂತವಿರುವಾಗಲೇ ದಾನಪತ್ರ ಬರೆದುಕೊಡುವವರಿಗೂ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನ ರಕ್ಷಣೆಯಿದೆ. ನೋಡಿಕೊಳ್ಳಬೇಕೆಂಬ ಷರತ್ತನ್ನು ಪತ್ರದಲ್ಲೇ ಬರೆಸಿದ್ದು, ಅದು ಮುರಿದರೆ ಪುತ್ತೂರಿನ ಸಹಾಯಕ ಆಯುಕ್ತರ ಮುಂದೆ ರದ್ದತಿಗೆ ಅರ್ಜಿ ಹಾಕಬಹುದು. ಷರತ್ತು ಬರೆಸಲು ಸಂಕೋಚಪಡುವವರೇ ಕೊನೆಗೆ ಸೋಲುವುದು.

ಓದಿ ಹೇಳಿದರೆ ಮನೆಯಲ್ಲಿ ಅಂದೇ ಜಗಳ ಆಗುತ್ತದೆ ಎನ್ನುವವರಿದ್ದಾರೆ. ಆಗಲಿ. ಒಬ್ಬನಿಗೆ ಹೆಚ್ಚು ಕೊಟ್ಟದ್ದೇಕೆ, ಅವನು ತೋಟ ನೋಡಿಕೊಂಡನೇ, ಸಾಲ ತೀರಿಸಿದನೇ, ತಾಯಿಯ ಆರೈಕೆ ಮಾಡಿದನೇ ಎಂದು ವಿವರಿಸಬಲ್ಲ ಒಬ್ಬನೇ ವ್ಯಕ್ತಿ ಆ ಜಗಳದಲ್ಲಿ ಇರುತ್ತಾನೆ. ಕೋರ್ಟಿನ ಜಗಳದಲ್ಲಿ ಅವನಿರುವುದಿಲ್ಲ. ಅದೇ ಕಾರಣಗಳನ್ನು ವೀಲಿನಲ್ಲೂ ಬರೆಸಲಿ. ಸಾಕ್ಷಿಗಳು ಆಸ್ತಿಯಲ್ಲಿ ಆಸೆಯಿಲ್ಲದ, ಬರೆದವರಿಗಿಂತ ಚಿಕ್ಕ ಪ್ರಾಯದವರಾಗಿರಲಿ. ನಮ್ಮ ಹೆಣ್ಣುಮಕ್ಕಳು ಪಾಲು ಕೇಳುವುದೇ ಇಲ್ಲ ಎಂಬ ಮಾತೂ ಕೇಳಿಬರುತ್ತದೆ. ಪಿತ್ರಾರ್ಜಿತದಲ್ಲಿ ಅವರಿಗೆ ಹುಟ್ಟಿನಿಂದಲೇ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿದ ಮೇಲೆ, ಬೇಡವೆಂದು ತೀರ್ಮಾನಿಸಬೇಕಾದವರು ಅವರೇ. ನಿಜಕ್ಕೂ ಬೇಡವಾದರೆ ಹಕ್ಕುಖುಲಾಸೆ ಪತ್ರಕ್ಕೆ ಸಹಿ ಹಾಕುತ್ತಾರೆ. ಹಾಕಲು ಹಿಂಜರಿದರೆ, ಮಗಳಿಗೂ ಪಾಲು ಬೇಕಿತ್ತೆಂಬುದು ತಂದೆಗೆ ತನ್ನ ಕಾಲದಲ್ಲೇ ತಿಳಿಯುತ್ತದೆ.