ಅಜ್ಜಿಯ ಚದುರಂಗ, ಮೊಮ್ಮಗಳ ಚೆಸ್

ಶಾಲೆಯ ಚೆಸ್ ಪಂದ್ಯದಿಂದ ಮಗಳು ಅಳುತ್ತಾ ಬಂದಳು. "ಅಮ್ಮಾ, ಆ ಹುಡುಗಿ ಕಾಲಾಳನ್ನ ಒಂದೇ ಸಲಕ್ಕೆ ಎರಡು ಮನೆ ನಡೆಸಿದ್ಲು. ಮೋಸ ಅಂದ್ರೆ ಎಲ್ಲಾರೂ ನಕ್ಕುಬಿಟ್ರು!"

ಅವಳಿಗೆ ಆಟ ಕಲಿಸಿದವರು ನಮ್ಮತ್ತೆ. ಅವರ ಹಳೇ ಪದ್ಧತಿಯಲ್ಲಿ ಕಾಲಾಳಿಗೆ ಯಾವಾಗಲೂ ಒಂದೇ ಮನೆ. ರಾಜನಿಗೆ ಒಂದು ಸಲ ಕುದುರೆಯಂತೆ ನೆಗೆಯುವ ಸವಲತ್ತು. ನಿಮ್ಮ ಮಕ್ಕಳೂ ಹಿರಿಯರಿಂದಲೇ ಕಲಿತಿದ್ದರೆ, ಸೋದರಿಯರೇ, ಪಂದ್ಯಕ್ಕೆ ಕಳಿಸುವ ಮುನ್ನ ಈ ವ್ಯತ್ಯಾಸ ಹೇಳಿಕೊಡಿ. ಈಗ ಕಾಲಾಳು ತನ್ನ ಮೊದಲ ನಡೆಯಲ್ಲಿ ಮಾತ್ರ, ದಾರಿ ಖಾಲಿಯಿದ್ದರೆ, ಎರಡು ಮನೆ ಹೋಗಬಹುದು. ಹೊಡೆಯುವುದು ಎಂದಿನಂತೆ ಓರೆಯಾಗಿ, ಒಂದೇ ಮನೆ. ರಾಜನ ನೆಗೆತ ಹೋಗಿ 'ಕ್ಯಾಸ್ಲಿಂಗ್' ಬಂದಿದೆ: ರಾಜ ಆನೆಯ ಕಡೆಗೆ ಎರಡು ಮನೆ ಸರಿದರೆ, ಆನೆ ಅವನನ್ನು ದಾಟಿ ಮಗ್ಗುಲಲ್ಲಿ ನಿಲ್ಲುತ್ತದೆ. ಇಬ್ಬರೂ ಅಲ್ಲಿಯವರೆಗೆ ಕದಲಿರಬಾರದು, ನಡುವೆ ಯಾರೂ ಇರಬಾರದು. ರಾಜನಿಗೆ ಚೆಕ್ ಬಿದ್ದಿದ್ದರೂ, ಅವನು ದಾಟುವ ಅಥವಾ ಸೇರುವ ಮನೆಗೆ ಶತ್ರುವಿನ ಏಟು ತಾಗುವಂತಿದ್ದರೂ ಆಗದು.

ಇದನ್ನೆಲ್ಲ ಅತ್ತೆಗೆ ಹೇಳೋದು ಹೇಗೆ? ಅವರು ನೊಂದುಕೊಂಡರೆ? ನಾನು ಹಿಂದೆ ಮುಂದೆ ನೋಡುತ್ತಿದ್ದಾಗ ಮಗಳೇ ಹಾಸು ಬಿಡಿಸಿ, "ಅಜ್ಜಿ, ಇವತ್ತು ನಮ್ಮ ಶಾಲೆ ಆಟ ಆಡೋಣ ಬಾ" ಎಂದು ಕರೆದಳು.

ಅತ್ತೆ ಕನ್ನಡಕ ಒರೆಸಿಕೊಂಡು, "ಎರಡು ಮನೆನಾ? ನಿಮ್ಮ ಕಾಲಾಳಿಗೆ ಭಾರೀ ಅವಸರ ಕಣೇ!" ಎನ್ನುತ್ತಾ ಕೂತರು. ಮೂರನೇ ಆಟದಲ್ಲಿ ಮೊಮ್ಮಗಳ ರಾಜನನ್ನು ಕಟ್ಟಿಹಾಕಿದ್ದೂ ಆಯಿತು.