ಕಲಿಸುವ ವಿಮಾನ ಬರಲು ಇಪ್ಪತ್ತಾರು ವರ್ಷ

ಬೀದರ್ ಸುತ್ತಮುತ್ತಲಿನ ಊರುಗಳ ಮಕ್ಕಳಿಗೆ ಜೆಟ್ ವಿಮಾನದ ಸದ್ದು ಹೊಸದಲ್ಲ. ಅಲ್ಲಿನ ವಾಯುಪಡೆ ನೆಲೆಯಿಂದ ಹಾರುವ ಆ ಪುಟ್ಟ, ಚುರುಕು ವಿಮಾನದ ಹೆಸರು ಹಾಕ್. ಒಂದರ ಹಿಂದೆ ಒಂದರಂತೆ ಎರಡು ಆಸನ. ಮುಂದೆ ಕಲಿಯುವವರು, ಹಿಂದೆ ತುಸು ಎತ್ತರದಲ್ಲಿ ಕಲಿಸುವವರು. ಯುದ್ಧವಿಮಾನ ನಡೆಸುವ ಪಾಠ ಹೇಳಿಕೊಡಲೆಂದೇ ಇರುವ ವಿಮಾನ ಇದು.

ಇಂಥದೊಂದು ವಿಮಾನ ತುರ್ತಾಗಿ ಬೇಕೆಂದು ಏರ್ ಮಾರ್ಷಲ್ ಡೆನಿಸ್ ಲಾ ಫೊಂಟೇನ್ ನೇತೃತ್ವದ ಸಮಿತಿ ಹೇಳಿದ್ದು 1982ರಲ್ಲಿ. ಅದು ಬೀದರಿನಲ್ಲಿ ವಿಧಿವತ್ತಾಗಿ ಸೇವೆಗೆ ಸೇರಿದ್ದು 2008ರ ಫೆಬ್ರವರಿಯಲ್ಲಿ. ಸಮಿತಿ ವರದಿ ಕೊಟ್ಟ ವರ್ಷ ಹುಟ್ಟಿದ ಮಗು ಶಾಲೆ ಮುಗಿಸಿ, ವಾಯುಪಡೆ ಸೇರಿ, ಫ್ಲೈಟ್ ಲೆಫ್ಟಿನೆಂಟ್ ಆಗುವಷ್ಟು ಕಾಲ! ವರದಿ ಕೊಟ್ಟ ಲಾ ಫೊಂಟೇನ್ ಅವರೇ 1985ರಲ್ಲಿ ವಾಯುಪಡೆಯ ಮುಖ್ಯಸ್ಥರಾದರು, 1988ರಲ್ಲಿ ನಿವೃತ್ತರೂ ಆದರು. ವಿಮಾನ ಮಾತ್ರ ಬಂದಿರಲಿಲ್ಲ.

ಅದರ ಅಗತ್ಯವೇನಿತ್ತು? ಆಗ ಹೊಸಬರು ಮೊದಲು ಚಿಕ್ಕ ವಿಮಾನದಲ್ಲಿ, ಬಳಿಕ ಬೆಂಗಳೂರಿನ ಎಚ್.ಎ.ಎಲ್. ತಯಾರಿಸಿದ ಕಿರಣ್ ಜೆಟ್‌ನಲ್ಲಿ ಕಲಿಯುತ್ತಿದ್ದರು. ಕಿರಣ್ ಸೌಮ್ಯ ಸ್ವಭಾವದ ವಿಮಾನ. ಅದರಲ್ಲಿ ಪಳಗಿದ ಮೇಲೆ ಯುದ್ಧವಿಮಾನದ ಶಾಖೆಗೆ ಆಯ್ಕೆಯಾದವರ ಪಾಲಿಗೆ ಬರುತ್ತಿದ್ದುದು ರಷ್ಯಾದ ಮಿಗ್-21. ನಡುವೆ ಇರಬೇಕಾದ ಮೆಟ್ಟಿಲು ಇರಲಿಲ್ಲ. ಸೈಕಲ್ ಕಲಿತವನ ಕೈಗೆ ಘಾಟಿ ರಸ್ತೆಯಲ್ಲಿ ಬಸ್ಸಿನ ಸ್ಟೀರಿಂಗ್ ಕೊಟ್ಟಂತೆ.

ಇದನ್ನು ಒಂದು ಚಿಕ್ಕ ಲೆಕ್ಕದಿಂದ ಅರಿಯಬಹುದು. ಮಿಗ್-21 ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು 340 ಕಿಲೋಮೀಟರ್. ಅಂದರೆ ಸೆಕೆಂಡಿಗೆ ಸುಮಾರು 94 ಮೀಟರ್. ಕಿರಣ್ ಹೆಚ್ಚುಕಡಿಮೆ ಇದರ ಅರ್ಧ ವೇಗದಲ್ಲಿ ಇಳಿಯುತ್ತದೆ. ವೇಗ ಎರಡರಷ್ಟಾದರೆ ಚಲನಶಕ್ತಿ ನಾಲ್ಕರಷ್ಟಾಗುತ್ತದೆ ಎಂಬುದು ಹೈಸ್ಕೂಲಿನ ಪಾಠ. ಒಂದೇ ತೂಕದ ಎರಡು ವಿಮಾನ ಎಂದುಕೊಂಡರೂ ನಾಲ್ಕು ಪಟ್ಟು ಶಕ್ತಿಯನ್ನು ರನ್‌ವೇ ಮುಗಿಯುವುದರೊಳಗೆ ಅಡಗಿಸಬೇಕು; ಮಿಗ್ ತೂಕವೂ ಹೆಚ್ಚು. ಜೊತೆಗೆ ಅದರದು ಚಿಕ್ಕ ತ್ರಿಕೋನ ರೆಕ್ಕೆ. ಕಡಿಮೆ ವೇಗದಲ್ಲಿ ಅಂಥ ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯಬೇಕಾದರೆ ಮೂತಿಯನ್ನು ಮೇಲೆತ್ತಬೇಕು. ಮೂತಿ ಮೇಲೆದ್ದರೆ ಎದುರಿನ ರನ್‌ವೇ ಸರಿಯಾಗಿ ಕಾಣದು. ಮಿಗ್-21ರಲ್ಲೂ ಎರಡು ಆಸನದ ಮಾದರಿ ಇತ್ತು, ನಿಜ. ಆದರೆ ಅದರ ಹಿಂದಿನ ಆಸನದ ಶಿಕ್ಷಕ ಇಳಿಯುವಾಗ ಮುಂದಿನದನ್ನು ನೋಡಬೇಕಾದದ್ದು ಪೆರಿಸ್ಕೋಪಿನ ಮೂಲಕ! ಇಪ್ಪತ್ತೆರಡರ ಹರೆಯದ ಹುಡುಗ ಇದನ್ನು ಕಲಿಯಬೇಕಿತ್ತು. 1986ರಿಂದ ಅಸ್ಸಾಮಿನ ತೇಜ್‌ಪುರದಲ್ಲಿ ಇದಕ್ಕಾಗಿಯೇ ಒಂದು ಘಟಕ ನಡೆಯಿತು.

ತಡವಾದದ್ದೇಕೆ? ಎಂಬತ್ತರ ದಶಕದಲ್ಲೇ ಬ್ರಿಟನ್ನಿನ ಹಾಕ್ ಮತ್ತು ಫ್ರಾನ್ಸ್-ಜರ್ಮನಿಯ ಆಲ್ಫಾ ಜೆಟ್ ಎರಡನ್ನೂ ಪರಿಶೀಲಿಸಲಾಗಿತ್ತು. 1987ರಲ್ಲಿ ಬೋಫೋರ್ಸ್ ಹಗರಣ ಸ್ಫೋಟಿಸಿದ ಮೇಲೆ ರಕ್ಷಣಾ ಖರೀದಿಯ ಕಡತಕ್ಕೆ ಸಹಿ ಹಾಕಲು ಎಲ್ಲರಿಗೂ ಅಳುಕು. ತೊಂಬತ್ತರ ಆರಂಭದಲ್ಲಿ ವಿದೇಶಿ ವಿನಿಮಯದ ಬಿಕ್ಕಟ್ಟು. ಬಳಿಕ ಬೆಲೆಯ ಚೌಕಾಸಿ, ಹೊಸ ಸ್ಪರ್ಧಿಗಳು, ಮತ್ತೆ ಪರಿಶೀಲನೆ. 1998ರ ಪೋಖ್ರಾನ್ ಪರೀಕ್ಷೆಯ ನಂತರ ಅಮೆರಿಕ ನಿರ್ಬಂಧ ಹೇರಿದಾಗ, ಹಾಕ್‌ನಲ್ಲಿರುವ ಅಮೆರಿಕದ ಬಿಡಿಭಾಗಗಳ ಗತಿಯೇನು ಎಂಬ ಇನ್ನೊಂದು ತಕರಾರು. ಪ್ರತಿಯೊಂದು ಆಕ್ಷೇಪಕ್ಕೂ ಒಂದು ಕಾರಣವಿತ್ತು. ಆದರೆ ನಿರ್ಧಾರ ಮುಂದೂಡಿದ್ದಕ್ಕೆ ಯಾರಿಗೂ ನೋಟೀಸು ಹೋಗುವುದಿಲ್ಲ. ನಿರ್ಧಾರ ಕೈಗೊಂಡು ತಪ್ಪಿದರೆ ಮಾತ್ರ ಹೋಗುತ್ತದೆ.

ಕೊನೆಗೆ 2003ರ ಸೆಪ್ಟೆಂಬರ್‌ನಲ್ಲಿ ಸಂಪುಟ ಸಮಿತಿ ಒಪ್ಪಿತು, 2004ರ ಮಾರ್ಚ್‌ನಲ್ಲಿ 66 ಹಾಕ್‌ಗಳಿಗೆ ಸಹಿ ಬಿತ್ತು. 24 ಬ್ರಿಟನ್ನಿನಿಂದ ಸಿದ್ಧವಾಗಿ ಬರುವುದು, 42 ಬೆಂಗಳೂರಿನ ಎಚ್.ಎ.ಎಲ್.ನಲ್ಲಿ ತಯಾರಾಗುವುದು. ಮೊತ್ತ ಸುಮಾರು 8,000 ಕೋಟಿ ರೂಪಾಯಿ. ತಡವಾದದ್ದಕ್ಕೆ ಎಷ್ಟು ಹೆಚ್ಚು ತೆತ್ತೆವು? ವಿಮಾನದ ಬೆಲೆ ಪೌಂಡಿನಲ್ಲಿ ಒಂದು ಕಾಸೂ ಏರಲಿಲ್ಲವೆಂದೇ ಇಟ್ಟುಕೊಳ್ಳಿ. 1982ರಲ್ಲಿ ಒಂದು ಪೌಂಡಿಗೆ ಹದಿನಾರು-ಹದಿನೇಳು ರೂಪಾಯಿ. 2004ರಲ್ಲಿ ಎಂಬತ್ತು ದಾಟಿತ್ತು. ರೂಪಾಯಿ ಲೆಕ್ಕದಲ್ಲಿ ಅಷ್ಟರಿಂದಲೇ ಸುಮಾರು ಐದು ಪಟ್ಟು. ಆದರೂ ಸಿಕ್ಕಿದ್ದು 1974ರಲ್ಲೇ ಮೊದಲ ಬಾರಿ ಹಾರಿದ್ದ ವಿನ್ಯಾಸ. ಒಳಗಿನ ಉಪಕರಣಗಳು ಹೊಸವು ಎಂಬುದು ಸಮಾಧಾನ.

ಹಣದ ಲೆಕ್ಕ ಇಷ್ಟು. ಇನ್ನೊಂದು ಲೆಕ್ಕ 2012ರಲ್ಲಿ ಸಂಸತ್ತಿನ ಮುಂದೆ ಬಂತು. ಕೊಂಡ 872 ಮಿಗ್ ವಿಮಾನಗಳಲ್ಲಿ ಆ ವರ್ಷದ ಏಪ್ರಿಲ್‌ವರೆಗೆ 482 ಅಪಘಾತಕ್ಕೀಡಾಗಿದ್ದವು. 171 ಪೈಲಟ್‌ಗಳು, 39 ನಾಗರಿಕರು ಹಾಗೂ ಇತರ ಸೇವೆಗಳ 8 ಮಂದಿ ಸತ್ತಿದ್ದರು ಎಂದು ರಕ್ಷಣಾ ಸಚಿವ ಎ.ಕೆ. ಆಂಟನಿ ತಿಳಿಸಿದರು. ಇವೆಲ್ಲ ತರಬೇತಿ ವಿಮಾನ ಇಲ್ಲದ್ದರಿಂದಲೇ ಆದವು ಎನ್ನುವುದು ತಪ್ಪು. ಯಂತ್ರದೋಷವಿತ್ತು, ಅನುಭವಿಗಳೂ ಸತ್ತರು. ಆದರೆ ಮನುಷ್ಯನ ತಪ್ಪು ಎಂದು ದಾಖಲಾದ ಪ್ರಕರಣಗಳಲ್ಲಿ ಎಷ್ಟು ಆ ಇಲ್ಲದ ಮೆಟ್ಟಿಲಿನ ತಪ್ಪು? ವಿಚಾರಣಾ ವರದಿಯಲ್ಲಿ ಅಂಥದೊಂದು ಕಾಲಂ ಇರುವುದಿಲ್ಲ. ಮಗನ ಶವಪೆಟ್ಟಿಗೆ ಬಂದ ಮನೆಯವರು ‘ಪೈಲಟ್‌ನ ತಪ್ಪು’ ಎಂಬ ಮಾತನ್ನು ಹೇಗೆ ಕೇಳಿಸಿಕೊಂಡಿರಬೇಕು!

ಒಂದು ಮೆಟ್ಟಿಲು ಸಿಕ್ಕಿತು ಎನ್ನುವಷ್ಟರಲ್ಲಿ ಕೆಳಗಿನ ಮೆಟ್ಟಿಲು ಕುಸಿಯಿತು. 2009ರ ಜುಲೈನಲ್ಲಿ ಇಬ್ಬರು ಶಿಕ್ಷಕ ಪೈಲಟ್‌ಗಳು ಸತ್ತ ಬಳಿಕ ಎಚ್.ಪಿ.ಟಿ.-32 ಎಂಬ ಪ್ರಾಥಮಿಕ ತರಬೇತಿ ವಿಮಾನವನ್ನು ಹಾರಿಸುವುದನ್ನೇ ನಿಲ್ಲಿಸಲಾಯಿತು. ಹೊಸಬರು ನೇರ ಕಿರಣ್ ಹತ್ತಬೇಕಾಯಿತು. ಕಿರಣ್‌ಗಳು ಸಾಲದೆ, ಬೀದರಿನ ಹೆಮ್ಮೆಯ ‘ಸೂರ್ಯಕಿರಣ’ ಪ್ರದರ್ಶನ ತಂಡದ ವಿಮಾನಗಳನ್ನೂ 2011ರಲ್ಲಿ ತರಬೇತಿಗೆ ಕೊಡಬೇಕಾಯಿತು. ಬಣ್ಣದ ಹೊಗೆ ಬಿಡುತ್ತ ಹಾರುತ್ತಿದ್ದ ತಂಡವೇ ಕೆಲವು ವರ್ಷ ಇಲ್ಲವಾಯಿತು. ಮುಂದೆ ಅದು ಮರಳಿ ಬಂದದ್ದು ಹಾಕ್ ವಿಮಾನಗಳೊಂದಿಗೆ. ಸ್ವಿಟ್ಜರ್ಲೆಂಡಿನ ಪಿಲಾಟಸ್ ವಿಮಾನಗಳು ಬಂದದ್ದು 2013ರಲ್ಲಿ.

ಸ್ವದೇಶಿ ಎಂದರೆ ವಿಳಂಬ ತಪ್ಪುತ್ತದೆಯೇ? ಕಿರಣ್ ಜಾಗಕ್ಕೆಂದು ಎಚ್.ಎ.ಎಲ್. ಕೈಗೆತ್ತಿಕೊಂಡ ‘ಸಿತಾರಾ’ಕ್ಕೆ 1999ರಲ್ಲಿ 180 ಕೋಟಿ ರೂ. ಮಂಜೂರಾಗಿ, 2003ರ ಮಾರ್ಚ್‌ನಲ್ಲೇ ಮೊದಲ ಹಾರಾಟವೂ ಆಯಿತು. ಆಮೇಲೆ ಎಂಜಿನ್ ಬದಲಾಯಿತು, ಹೊಸ ಎಂಜಿನ್ ತಡವಾಯಿತು. ಅದಕ್ಕಿಂತ ಕಠಿಣವಾದದ್ದು ಸುರುಳಿ ಬೀಳುವ ಪರೀಕ್ಷೆ. ವೇಗ ಕುಂದಿ ರೆಕ್ಕೆಯ ಎತ್ತುವ ಬಲ ತಪ್ಪಿದಾಗ ವಿಮಾನ ಬುಗುರಿಯಂತೆ ಸುತ್ತುತ್ತ ಬೀಳುತ್ತದೆ. ಕಲಿಯುವವರ ವಿಮಾನ ಅದರಿಂದ ಸುಲಭವಾಗಿ ಹೊರಬರಬೇಕು. ಸಿತಾರಾ ಬರಲಿಲ್ಲ. ಬಾಲವನ್ನು ಮಾರ್ಪಡಿಸಿ 2019ರಲ್ಲಿ ಮತ್ತೆ ಹಾರಿಸಿದರು. ಈ ವಿಳಂಬವನ್ನು ಕಡತದ ವಿಳಂಬದ ಜೊತೆ ಸೇರಿಸಿ ಬೈಯುವುದು ಸರಿಯಲ್ಲ. ಪಾಸಾಗದ ವಿಮಾನವನ್ನು ಮಕ್ಕಳ ಕೈಗೆ ಕೊಡದೆ ತಡೆದು ನಿಲ್ಲಿಸಿದ್ದು ಪರೀಕ್ಷೆ ಮಾಡಿದವರ ಕರ್ತವ್ಯ. 2025ರ ಫೆಬ್ರವರಿಯಲ್ಲಿ, ಬೆಂಗಳೂರಿನ ಯಲಹಂಕದ ವೈಮಾನಿಕ ಪ್ರದರ್ಶನದಲ್ಲಿ, ಸಿತಾರಾಕ್ಕೆ ‘ಯಶಸ್’ ಎಂಬ ಹೊಸ ಹೆಸರಿಟ್ಟರು. ಮೊದಲ ಹಾರಾಟವಾಗಿ ಆಗಲೇ ಇಪ್ಪತ್ತೆರಡು ವರ್ಷ ತುಂಬುತ್ತಿತ್ತು.